ವೈದ್ಯರತ್ನ ಪಿ. ಎಸ್. ವಾರಿಯರ್

ರಸರಕ್ತಾದಿ ಧಾತುಗಳ ಸಾಮ್ಯವೇ ಆರೋಗ್ಯವೆಂದು ಬಲ್ಲ ವೈದ್ಯರು ಮಲಬಾರಿನಲ್ಲಿ ವಿಪುಲವಾಗಿದ್ದರು; ದುರ್ಲಭವಾಗಿದ್ದುದು ಸಿದ್ಧೌಷಧ. ವೈದ್ಯನು ಯೋಗವನ್ನು ಬರೆದುಕೊಟ್ಟರೆ, ಬೇರು ತೊಗಟೆಗಳನ್ನು ಅರಸಿ ತಂದು, ಕುಟ್ಟಿ, ನೀರಿನಲ್ಲಿ ಕುದಿಸಿ ಬತ್ತಿಸುವ ಹೊಣೆ ರೋಗಿಯ ಮನೆಯವರದು. ಹದ ತಪ್ಪಿದರೆ ಶ್ರಮವೆಲ್ಲ ವ್ಯರ್ಥ. ಹದವರಿತು ಕಾಸಿದ ಕಷಾಯವೂ ಬಹುದಿನ ನಿಲ್ಲದು. ಈ ತೊಡಕನ್ನು ಬಿಡಿಸಹೊರಟವರು 1869ರಲ್ಲಿ ಜನಿಸಿದ ಶಂಕುಣ್ಣಿ ವಾರಿಯರರು.

ಕುಟ್ಟಂಚೇರಿ ವಾಸುದೇವನ್ ಮೂಸ್ಸರಲ್ಲಿ ಆಯುರ್ವೇದವನ್ನು ಅಭ್ಯಸಿಸಿದ ಇವರು, ನೇತ್ರವ್ಯಾಧಿಯ ಚಿಕಿತ್ಸೆಗಾಗಿ ಪಾಶ್ಚಾತ್ಯ ಪದ್ಧತಿಯ ವೈದ್ಯರೊಬ್ಬರಲ್ಲಿಗೆ ಹೋಗಿ, ಅವರಲ್ಲಿಯೇ ಶಿಷ್ಯವೃತ್ತಿಯನ್ನು ಕೈಕೊಂಡರು. ಅಂದಿನ ಸಂಪ್ರದಾಯಸ್ಥ ಮನೆತನದವರಿಗೆ ಇದು ಸಾಮಾನ್ಯವಾದ ಮಾತಲ್ಲ! 1902ರಲ್ಲಿ ಕೋಟ್ಟಕ್ಕಲ್ಲಿನಲ್ಲಿ ಆರ್ಯವೈದ್ಯಶಾಲೆಯನ್ನು ಸ್ಥಾಪಿಸಿ, ಕಷಾಯಗಳನ್ನು ಕೆಡದಂತೆ ಸಿದ್ಧಪಡಿಸಿ ಜನರಿಗೆ ಒದಗಿಸಿದರು. 1917ರಲ್ಲಿ ಕಲ್ಲಿಕೋಟೆಯಲ್ಲಿ ಪಾಠಶಾಲೆಯನ್ನು ತೆರೆದರು. ‘ಅಷ್ಟಾಂಗಶಾರೀರ’ವನ್ನು ಸಂಸ್ಕೃತದಲ್ಲಿ ರಚಿಸಿದರು. ಉಯಿಲು ಬರೆದು ವೈದ್ಯಶಾಲೆಯನ್ನು ವಿಶ್ವಸ್ತ ಮಂಡಳಿಗೆ ವಹಿಸಿದ ವಾರಿಯರರು 1944ರಲ್ಲಿ ದಿವಂಗತರಾದರು.