ಸರ್ ರೊನಾಲ್ಡ್ ರಾಸ್ ಮಾಡಿದ ನಾಮಕರಣ

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದವರು ರೊನಾಲ್ಡ್ ರಾಸ್ ಅಂತ ನಮಗೆಲ್ಲ ಗೊತ್ತು. ಆದರೆ ಅವರು ಒಂದು ಏಕಕೋಶ ಜೀವಿಗೆ ಹೆಸರಿಟ್ಟಿದ್ದು ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ನಾನು ಅವರ ಬಗ್ಗೆ ಬರೆಯುತ್ತಿದ್ದೇನೆ.

ರಾಸ್‌ರವರು 1857ರ ಮೇ 13ರಂದು ಹಿಮಾಲಯದ ಅಲ್ಮೋರದಲ್ಲಿ ಜನಿಸಿದರು. ತಂದೆ ಸೈನ್ಯದ ಅಧಿಕಾರಿ. ಎಂಟನೇ ವಯಸ್ಸಿಗೇ ಓದಲು ಇಂಗ್ಲೆಂಡಿಗೆ ಕಳಿಸಿದರು. ಮಗನಿಗೆ ಕವಿತೆ, ಸಂಗೀತದ ಹುಚ್ಚು. ತಂದೆಗೆ ಅವನು ಡಾಕ್ಟರಾಗಬೇಕೆಂಬ ಆಸೆ. ತಂದೆಯ ಮಾತೇ ನಡೆಯಿತು. 1881ರಲ್ಲಿ ಸರ್ಕಾರಿ ವೈದ್ಯರಾಗಿ ಭಾರತಕ್ಕೆ ಬಂದರು. ನಮ್ಮ ಬೆಂಗಳೂರಿನಲ್ಲೂ ಕೆಲಸ ಮಾಡಿದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಹುಮಾನ ಬಂತು.

ಈ ನಡುವೆ 1898ರಲ್ಲಿ ಸರ್ಕಾರ ಅವರನ್ನು ಅಸ್ಸಾಮಿಗೆ ಕಳಿಸಿತ್ತು. ಅಲ್ಲಿ ಕಾಲಾ ಅಜಾರ್ ಎಂಬ ಜ್ವರ. ತಿಂಗಳುಗಟ್ಟಲೆ ಜ್ವರ ಬಂದು, ಗುಲ್ಮ ಊದಿ, ರಕ್ತ ಕಡಿಮೆಯಾಗಿ ಜನ ಸಾಯುತ್ತಿದ್ದರು. ಇದೂ ಒಂದು ಬಗೆಯ ಮಲೇರಿಯಾ ಎಂದೇ ರಾಸ್‌ರವರು ವರದಿ ಕೊಟ್ಟರು. ಅದು ತಪ್ಪಾಗಿತ್ತು.

1903ರಲ್ಲಿ ನಿಜ ತಿಳಿಯಿತು. ಕಲ್ಕತ್ತದ ಹತ್ತಿರ ಡಮ್‌ಡಮ್‌ನಲ್ಲಿದ್ದು ಹೋಗಿ ಇಂಗ್ಲೆಂಡಿನಲ್ಲಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ಲೀಶ್‌ಮನ್ ಎಂಬ ವೈದ್ಯರು ಸಣ್ಣ ಸಣ್ಣ ದುಂಡು ಜೀವಿಗಳನ್ನು ಕಂಡಿದ್ದರು. ಅದೇ ವರ್ಷ ಮದ್ರಾಸಿನಲ್ಲಿ ಡೊನೊವನ್ ಎಂಬ ವೈದ್ಯರೂ ರೋಗಿಗಳ ಗುಲ್ಮದಲ್ಲಿ ಅವನ್ನೇ ಕಂಡರು. ಇವು ಏನು? ಲೀಶ್‌ಮನ್‌ರವರು ಟ್ರಿಪನೊಸೋಮ ಅಂದುಕೊಂಡರು. ಫ್ರಾನ್ಸಿನ ಲಾವೆರಾನ್ ಮತ್ತು ಮೆನಿಲ್ ಪೈರೊಪ್ಲಾಸ್ಮ ಕುಲಕ್ಕೆ ಸೇರಿಸಿದರು. ಇದು ಯಾವ ಹಳೆಯ ಕುಲಕ್ಕೂ ಸೇರಿದ್ದಲ್ಲ, ಹೊಸದೇ ಅಂತ ರಾಸ್ ಹೇಳಿದರು. 1903ರ ನವೆಂಬರಿನಲ್ಲಿ ಅದಕ್ಕೆ ಲೀಶ್‌ಮೇನಿಯ ಡೊನೊವಾನಿ ಎಂದು ಹೆಸರಿಟ್ಟರು. ಮೊದಲನೆಯದು ಮನೆತನದ ಹೆಸರಿದ್ದ ಹಾಗೆ, ಎರಡನೆಯದು ಸ್ವಂತ ಹೆಸರಿದ್ದ ಹಾಗೆ. ಕಂಡ ಇಬ್ಬರಿಗೂ ಪಾಲು ಸಿಕ್ಕಿತು.

ಹೆಸರಿನಲ್ಲೇನಿದೆ ಅಂತ ಕೆಲವರು ಕೇಳಬಹುದು. ಕಾಲಾ ಅಜಾರನ್ನು ಮಲೇರಿಯಾ ಅಂದುಕೊಂಡರೆ ಕೊಡುವುದು ಕ್ವಿನೈನ್; ಅದರಿಂದ ಈ ರೋಗ ವಾಸಿಯಾಗುವುದಿಲ್ಲ. ರೋಗಾಣು ಬೇರೆ ಎಂದು ಗೊತ್ತಾದ ಮೇಲೆ ಔಷಧಿಯೂ ಬೇರೆ ಹುಡುಕಬೇಕಾಯಿತು. 1920ರ ದಶಕದಲ್ಲಿ ಕಲ್ಕತ್ತದ ಉಪೇಂದ್ರನಾಥ ಬ್ರಹ್ಮಚಾರಿಯವರ ಯೂರಿಯಾ ಸ್ಟಿಬಮೈನ್ ಎಷ್ಟೋ ಜೀವ ಉಳಿಸಿತು. ಈ ರೋಗವನ್ನು ಹರಡುವುದು ಸೊಳ್ಳೆಯಲ್ಲ, ಮರಳು ನೊಣ.

ರಾಸ್‌ರವರು 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ನೊಬೆಲ್ ಬಂದ ಮರುವರ್ಷವೇ ತಮ್ಮ ಹಳೆಯ ವರದಿಗೆ ವಿರುದ್ಧವಾದ ನಿಜವನ್ನು ಅವರು ಒಪ್ಪಿಕೊಂಡರಲ್ಲ, ನನಗೆ ಅವರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ.