ಗಣಿತದ ಮೇಷ್ಟ್ರು ಗ್ರಂಥಪಾಲಕರಾದದ್ದು: ಎಸ್. ಆರ್. ರಂಗನಾಥನ್ ಅವರ ಬದುಕು

ಬೋಧನಾಭ್ಯಾಸಕ್ಕೆಂದು ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗದ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ತರಗತಿ, ಕರಿಹಲಗೆ, ಪ್ರಯೋಗಾಲಯ, ದಾಖಲೆಗಳನ್ನೆಲ್ಲ ನೋಡಿ ಬರುತ್ತಾರೆ. ಗ್ರಂಥಾಲಯದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಬೀಗ ಹಾಕಿದ ಒಂದು ಬೀರು. ಈ ಬೀಗವನ್ನು ತೆಗೆಯುವುದು ಶಿಕ್ಷಕರ ಕೆಲಸವೇ ಎಂದು ಜೀವನಪೂರ್ತಿ ವಾದಿಸಿದವರು ಡಾ. ಎಸ್. ಆರ್. ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ಮೊದಲು ನಮ್ಮಂತೆಯೇ ಶಿಕ್ಷಕ ತರಬೇತಿ ಪಡೆದ ಮೇಷ್ಟ್ರಾಗಿದ್ದರು ಎಂಬುದನ್ನು ಬಲ್ಲವರು ಕಡಿಮೆ. ಅವರ ಬದುಕನ್ನು ಆ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ತರಗತಿಯ ವರ್ಷಗಳು

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ ತಿಂಗಳಲ್ಲಿ, ಇಂದಿನ ತಮಿಳುನಾಡಿನ ಶಿಯಾಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಎಳವೆಯಲ್ಲಿ ಮಾತು ತೊದಲುತ್ತಿತ್ತು. ಪ್ರಯತ್ನಪಟ್ಟು ಅದನ್ನು ಮೀರಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿ, ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ತರಬೇತಿ ಪಡೆದರು. ಆ ಕಾಲದ ಎಲ್.ಟಿ. ಇಂದಿನ ಬಿ.ಇಡಿ.ಗೆ ಸಮಾನವಾದ ಪದವಿ.

1917ರಲ್ಲಿ ಸಿಕ್ಕ ಮೊದಲ ಕೆಲಸ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಮಂಗಳೂರು ಆಗ ನಮ್ಮ ಬಳ್ಳಾರಿಯಂತೆಯೇ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮುಂದೆ ಕೊಯಮತ್ತೂರು, ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಟಿಪ್ಪಣಿ ಬರೆಸಿ ಬಾಯಿಪಾಠ ಮಾಡಿಸುವ ಪದ್ಧತಿ ಅವರಿಗೆ ಒಗ್ಗಲಿಲ್ಲ. ವಿದ್ಯಾರ್ಥಿ ತಾನೇ ಓದಿ, ಪ್ರಶ್ನೆ ಹಿಡಿದು ತರಗತಿಗೆ ಬರಬೇಕು ಎಂಬುದು ಅವರ ನಿಲುವು. ಈ ನಿಲುವಿಗೆ ಒಂದು ಷರತ್ತು ತಾನಾಗಿಯೇ ಅಂಟಿಕೊಂಡಿದೆ: ಓದಲು ಪುಸ್ತಕ ಕೈಗೆ ಸಿಗಬೇಕು.

ಬೇಡವೆಂದು ಬಂದ ಹುದ್ದೆ

ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕನಿಗಾಗಿ ಅರ್ಜಿ ಕರೆದಾಗ ನೂರಾರು ಮಂದಿ ಅರ್ಜಿ ಹಾಕಿದರು. ಗ್ರಂಥಾಲಯ ನಡೆಸುವ ತರಬೇತಿ ಪಡೆದವರು ಅವರಲ್ಲಿ ಇರಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ಅರ್ಜಿ ಹಾಕಿದ್ದ ರಂಗನಾಥನ್, ಸಂದರ್ಶನಕ್ಕೆ ಮುನ್ನ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗೆಗಿನ ಲೇಖನ ಓದಿಕೊಂಡು ಹೋದರು. ಹುದ್ದೆ ಅವರಿಗೇ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದರು.

ಸೇರಿದ ಕೆಲವೇ ದಿನಗಳಲ್ಲಿ ಬೇಸರ ಹತ್ತಿತು. ತರಗತಿಯ ಗದ್ದಲಕ್ಕೆ ಒಗ್ಗಿದವರಿಗೆ ಓದುಗರೇ ಬಾರದ ಆ ಮೌನ ಸಹಿಸಲಾಗಲಿಲ್ಲ. ಮರಳಿ ಪಾಠಕ್ಕೆ ಕಳುಹಿಸಿ ಎಂದು ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರನ್ನು ಕೇಳಿಕೊಂಡರು. ಹೇಗೂ ಅಧ್ಯಯನಕ್ಕೆ ಇಂಗ್ಲೆಂಡಿಗೆ ಹೋಗುವುದಿದೆ, ಅಲ್ಲಿಂದ ಬಂದ ಮೇಲೂ ಮನಸ್ಸು ಬದಲಾಗದಿದ್ದರೆ ನೋಡೋಣ ಎಂದು ಅವರು ಸಮಾಧಾನ ಹೇಳಿ ಕಳುಹಿಸಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುತ್ತಾ ರಂಗನಾಥನ್ ಆ ದೇಶದ ಅನೇಕ ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಮಕ್ಕಳು, ಕಾರ್ಮಿಕರು, ಗೃಹಿಣಿಯರು ಎಲ್ಲರೂ ಗ್ರಂಥಾಲಯಕ್ಕೆ ಬರುತ್ತಿದ್ದರು. ತಾನು ಮದ್ರಾಸಿನಲ್ಲಿ ಬಿಟ್ಟು ಬಂದದ್ದು ಉಗ್ರಾಣ, ಇಲ್ಲಿ ಕಾಣುತ್ತಿರುವುದು ಶಾಲೆ ಎಂಬ ವ್ಯತ್ಯಾಸ ಅವರಿಗೆ ಹೊಳೆಯಿತು. ಮರಳಿ ಪಾಠಕ್ಕೆ ಹೋಗುವ ಮಾತು ಅಲ್ಲಿಗೆ ಮುಗಿಯಿತು.

ಆಟಿಕೆಯಿಂದ ಹೊಳೆದ ವರ್ಗೀಕರಣ

ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಅವರು ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ಅದೇ ಪಟ್ಟಿಗಳು, ಅದೇ ನಟ್ಟು ಬೋಲ್ಟುಗಳು. ಜೋಡಣೆ ಬದಲಿಸಿದರೆ ಬೇರೆ ಬೇರೆ ಯಂತ್ರಗಳು. ವಿಷಯಗಳನ್ನೂ ಹೀಗೆ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಬೀಜ ಇದೇ.

ಇದನ್ನು ನಮ್ಮೂರಿನ ಉದಾಹರಣೆಯಿಂದ ತಿಳಿಯೋಣ. ಸಿರುಗುಪ್ಪ ಸೀಮೆಯಲ್ಲಿ ಭತ್ತಕ್ಕೆ ಬರುವ ರೋಗವನ್ನು 1950ರ ದಶಕದಲ್ಲಿ ಹೇಗೆ ತಡೆದರು ಎಂಬ ಪುಸ್ತಕವಿದೆ ಎಂದುಕೊಳ್ಳಿ. ಶಾಸ್ತ್ರ ಯಾವುದು? ಕೃಷಿ. ಯಾವ ಬೆಳೆ? ಭತ್ತ. ಅದಕ್ಕೆ ಏನಾಗಿದೆ? ರೋಗ. ಏನು ಮಾಡಿದರು? ತಡೆದರು. ಎಲ್ಲಿ? ಯಾವಾಗ? ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳಿಗೆ ಒಂದೊಂದು ಸಂಕೇತ ಕೊಟ್ಟು ಜೋಡಿಸಿದರೆ ಪುಸ್ತಕದ ವರ್ಗಸಂಖ್ಯೆ ಸಿದ್ಧ. ಪಾಠವನ್ನು ಬೋಧನಾಂಶಗಳಾಗಿ ಬಿಡಿಸಿ ಪಾಠಯೋಜನೆ ಬರೆಯುವ ನಮಗೆ ಈ ಕ್ರಮ ಹೊಸದಲ್ಲ.

ಐದು ಸೂತ್ರಗಳು

ಮದ್ರಾಸಿಗೆ ಮರಳಿದ ರಂಗನಾಥನ್ ಗ್ರಂಥಾಲಯದ ಸಮಯವನ್ನು ವಿಸ್ತರಿಸಿದರು, ರಜಾದಿನಗಳಲ್ಲೂ ಬಾಗಿಲು ತೆರೆದಿಟ್ಟರು. ಓದುಗರು ಕಪಾಟಿನ ಬಳಿಗೆ ತಾವೇ ಹೋಗಿ ಪುಸ್ತಕ ಆರಿಸಿಕೊಳ್ಳಲು ಬಿಟ್ಟರು. ಬಂದವರಿಗೆ ಬೇಕಾದ ಮಾಹಿತಿ ಹುಡುಕಿಕೊಡಲೆಂದೇ ಸಿಬ್ಬಂದಿಯನ್ನು ನೇಮಿಸಿದರು. 1936ರಲ್ಲಿ ಗ್ರಂಥಾಲಯ ಸಮುದ್ರ ತೀರದ ಸ್ವಂತ ಕಟ್ಟಡಕ್ಕೆ ಬಂತು.

ಈ ಕೆಲಸಗಳ ಹಿಂದಿನ ತತ್ತ್ವ ಏನೆಂದು 1928ರಲ್ಲಿ ಅವರು ಐದು ಸೂತ್ರಗಳಲ್ಲಿ ಹಿಡಿದಿಟ್ಟರು. ಮೊದಲ ಸೂತ್ರವನ್ನು ರೂಪಿಸಲು ನೆರವಾದವರು ಅವರ ಗಣಿತದ ಗುರು ಎಡ್ವರ್ಡ್ ರಾಸ್. ಅದೇ ವರ್ಷದ ಕೊನೆಗೆ ಚಿದಂಬರದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಈ ಸೂತ್ರಗಳನ್ನು ಮೊದಲು ಕೇಳಿದವರು ಶಿಕ್ಷಕರು. 1931ರಲ್ಲಿ ಅವು ಪುಸ್ತಕವಾದವು.

ಸೂತ್ರಗಳ ಸಾರ ಸರಳ. ಪುಸ್ತಕವಿರುವುದು ಬಳಸಲಿಕ್ಕೆ, ಕಾಪಾಡಲಿಕ್ಕಷ್ಟೇ ಅಲ್ಲ. ಯಾವ ಓದುಗನೂ ತನಗೆ ತಕ್ಕ ಪುಸ್ತಕವಿಲ್ಲದೆ ಹಿಂದಿರುಗಬಾರದು. ಯಾವ ಪುಸ್ತಕವೂ ಓದುಗನಿಲ್ಲದೆ ಧೂಳು ತಿನ್ನಬಾರದು. ಓದುಗನ ಹೊತ್ತು ಹುಡುಕಾಟದಲ್ಲೇ ಕಳೆದುಹೋಗಬಾರದು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಪುಸ್ತಕದ ಜಾಗದಲ್ಲಿ ಪಾಠವನ್ನೂ ಓದುಗನ ಜಾಗದಲ್ಲಿ ವಿದ್ಯಾರ್ಥಿಯನ್ನೂ ಇಟ್ಟು ನೋಡಿದರೆ ಇವು ಒಳ್ಳೆಯ ಬೋಧನೆಯ ಸೂತ್ರಗಳೂ ಹೌದು.

1929ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘದ ಆಶ್ರಯದಲ್ಲಿ ಅವರು ಬೇಸಿಗೆಯ ತರಬೇತಿ ಶುರು ಮಾಡಿದರು. ಎರಡು ವರ್ಷಗಳ ನಂತರ ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಾಲಯಗಳಿಗೆಂದೇ ಒಂದು ಪುಸ್ತಕ ಬರೆದರು.

ಕಾನೂನು ಮತ್ತು ಬಳ್ಳಾರಿ

1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದ ರಂಗನಾಥನ್, ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಹೆಚ್ಚುಕಡಿಮೆ ಒಬ್ಬರೇ ಕೂತು ವರ್ಗೀಕರಿಸಿದರು. ಅಲ್ಲಿಂದ ದೆಹಲಿ ವಿಶ್ವವಿದ್ಯಾಲಯ, ಮುಂದೆ ಕೆಲಕಾಲ ಜ್ಯೂರಿಕ್.

ಈ ನಡುವೆ ಅವರ ಬಹುಕಾಲದ ಹೋರಾಟ ಫಲ ಕೊಟ್ಟಿತ್ತು. ಗ್ರಂಥಾಲಯ ದಾನಿಗಳ ಔದಾರ್ಯದಿಂದಲ್ಲ, ಕಾನೂನಿನ ಬಲದಿಂದ ನಡೆಯಬೇಕು ಎಂಬುದು ಅವರ ವಾದ. ಅದರಂತೆ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಸ್ವತಂತ್ರ ಭಾರತದಲ್ಲಿ ಅಂಥ ಮೊದಲ ಕಾಯಿದೆ ಅದು. ಬಳ್ಳಾರಿ ಜಿಲ್ಲೆ ಆಗಿನ್ನೂ ಮದ್ರಾಸಿನಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ರಂಗನಾಥನ್ ಅವರ ಶ್ರಮದ ಫಲ ಹಳೆಯ ಮೈಸೂರಿಗಿಂತ ಮೊದಲೇ ನಮ್ಮ ಜಿಲ್ಲೆಯನ್ನು ಮುಟ್ಟಿತ್ತು. ಇಡೀ ಕರ್ನಾಟಕಕ್ಕೆ ಅನ್ವಯಿಸುವ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಗ್ರಂಥಾಲಯ ಕರದ ಮೂಲ ಅಲ್ಲಿದೆ.

ಬೆಂಗಳೂರಿನ ಕೊನೆಯ ವರ್ಷಗಳು

1957ರಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿ ಬಂತು. ಜೀವನದ ಉಳಿತಾಯದಲ್ಲಿ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರೂ ಸೇರಿದಂತೆ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಅವರು ಮತ್ತೆ ಮೇಷ್ಟ್ರಾದರು. 1965ರಲ್ಲಿ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಮಾಡಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಇಂದಿನ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ಅವರ ಗುರುತು

ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ವಿಶ್ವವಿದ್ಯಾಲಯದ ಗ್ರಂಥಾಲಯವೆಂಬುದು ಈ ಭಾಗದ ವಿದ್ಯಾರ್ಥಿಗಳಿಗೆ ದೂರದ ಮಾತಾಗಿ ಉಳಿದಿಲ್ಲ. ಇಂದು ವಿಶ್ವವಿದ್ಯಾಲಯ ಗ್ರಂಥಾಲಯಗಳು ಕೊಡುವ ಸೇವೆಗಳ ಹಿಂದೆ ಆ ಐದು ಸೂತ್ರಗಳನ್ನು ಗುರುತಿಸಬಹುದು. ಪುಸ್ತಕ ಇದೆಯೋ ಇಲ್ಲವೋ ಎಂದು ಮೊಬೈಲಿನಲ್ಲೇ ತೋರಿಸುವ ಆನ್‌ಲೈನ್ ಸೂಚಿ, ಕ್ಷಣದಲ್ಲಿ ಎರವಲು ಕೊಡುವ ಬಾರ್‌ಕೋಡ್, ಇವೆರಡೂ ಓದುಗನ ಹೊತ್ತು ಉಳಿಸುತ್ತವೆ. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಒಂದೆಡೆ ತೆರೆದಿಡುವ ಶೋಧಗಂಗಾ, ಕಪಾಟಿನಲ್ಲಿ ಮಲಗಿದ್ದ ಬರಹಕ್ಕೆ ಓದುಗನನ್ನು ಹುಡುಕಿಕೊಡುತ್ತದೆ. ಹೊಸಬರಿಗೆ ಗ್ರಂಥಾಲಯದ ಪರಿಚಯ ಮಾಡಿಸುವ ಕಾರ್ಯಕ್ರಮ, ಹೊಸ ಪುಸ್ತಕಗಳ ಪ್ರದರ್ಶನ, ರಂಗನಾಥನ್ ಅವರ ನೆನಪಿನಲ್ಲಿ ಆಗಸ್ಟ್ 12ರಂದು ಆಚರಿಸುವ ಗ್ರಂಥಪಾಲಕರ ದಿನ, ಇವೆಲ್ಲ ಪುಸ್ತಕವನ್ನೂ ಓದುಗನನ್ನೂ ಸೇರಿಸುವ ಪ್ರಯತ್ನಗಳೇ. ತಂತ್ರಾಂಶ ಬದಲಾಗುತ್ತದೆ, ಉದ್ದೇಶ ಬದಲಾಗಿಲ್ಲ. ಆದರೆ ಎಷ್ಟೇ ಹೊಸ ಸೌಲಭ್ಯ ಬಂದರೂ, ಹುಡುಕುವುದನ್ನು ಶಾಲೆಯಲ್ಲಿ ಕಲಿಯದ ವಿದ್ಯಾರ್ಥಿಗೆ ಅದು ದಕ್ಕುವುದಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯ ತುಂಬುವುದೋ ಖಾಲಿ ಉಳಿಯುವುದೋ ಎಂಬುದು ಪ್ರೌಢಶಾಲೆಯಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಬೋಧನಾಭ್ಯಾಸಕ್ಕೆ ಕೆಲವು ಸೂಚನೆಗಳು

ಒಂದು, ಬೋಧನಾಭ್ಯಾಸದ ಅವಧಿಯಲ್ಲಿ ಕನಿಷ್ಠ ಒಂದು ಪಾಠವನ್ನು ಗ್ರಂಥಾಲಯದ ಪುಸ್ತಕಗಳಿಂದಲೇ ಯೋಜಿಸಿ. ಮೇಜಿನ ಮೇಲೆ ಹತ್ತು ಪುಸ್ತಕ ಹರಡಿ, ಮಕ್ಕಳೇ ಆರಿಸಲಿ. ಯಾವ ಮಗು ಯಾವುದನ್ನು ಎತ್ತಿಕೊಂಡಿತು, ಯಾವುದನ್ನು ಕೆಳಗಿಟ್ಟಿತು ಎಂದು ಬರೆದಿಟ್ಟುಕೊಳ್ಳಿ.

ಎರಡು, ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ನೋಟ್‌ಬುಕ್ ಇಡಿ. ಎಲ್ಲಕ್ಕೂ ನೀವೇ ಉತ್ತರ ಹೇಳಬೇಡಿ. ಕುರುಗೋಡಿನ ದೊಡ್ಡ ಬಸವಣ್ಣನ ಗುಡಿ ಯಾವ ಕಾಲದ್ದು ಎಂದು ಮಗು ಕೇಳಿದರೆ, ಅದು ಯಾವ ಪುಸ್ತಕದಲ್ಲಿ ಸಿಗಬಹುದು ಎಂದು ಮಗುವಿನ ಜೊತೆ ನೀವೂ ಹುಡುಕಿ.

ಮೂರು, ಪುಸ್ತಕಗಳನ್ನು ಮಕ್ಕಳಿಂದಲೇ ವಿಂಗಡಿಸಿ ಜೋಡಿಸಿ. ಕಥೆ ಎಲ್ಲಿರಬೇಕು, ಕೃಷಿ ಎಲ್ಲಿರಬೇಕು ಎಂದು ಅವರೇ ಚರ್ಚಿಸಲಿ. ವರ್ಗೀಕರಣದ ಮೊದಲ ಪಾಠ ಅದು.

ನಾಲ್ಕು, ಪುಸ್ತಕ ಕಳೆದರೆ ದಾಸ್ತಾನು ವಹಿಗೆ ತಾನೇ ಹೊಣೆ ಎಂಬ ಮುಖ್ಯೋಪಾಧ್ಯಾಯರ ಆತಂಕ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣಬೇಡಿ. ತೆರೆದ ಕಪಾಟಿನಿಂದ ಕೆಲವು ಪುಸ್ತಕ ಹೋಗುತ್ತವೆ ಎಂದು ರಂಗನಾಥನ್ ಅವರಿಗೂ ಗೊತ್ತಿತ್ತು. ಮುಚ್ಚಿಟ್ಟ ಕಪಾಟಿನಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು ಎಂಬುದು ಅವರ ಲೆಕ್ಕ. ಎರವಲು ವಹಿಯನ್ನು ಮಕ್ಕಳ ಕೈಯಲ್ಲೇ ಬರೆಸಿ. ಹರಿದ, ಕಳೆದ ಪುಸ್ತಕಗಳ ವಿಷಯವನ್ನು ಎಸ್‌ಡಿಎಂಸಿ ಸಭೆಯ ಮುಂದಿಡಲು ಮುಖ್ಯೋಪಾಧ್ಯಾಯರಿಗೆ ನೆರವಾಗಿ. ಆಗ ಹೊಣೆ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ.

ಬೋಧನಾಭ್ಯಾಸದ ವರದಿಯಲ್ಲಿ ಶಾಲೆಯ ಗ್ರಂಥಾಲಯದಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಬರೆಯುವ ವಾಡಿಕೆ ಇದೆ. ಈ ಬಾರಿ ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನೂ ಬರೆಯಿರಿ: ನೀವು ಅಲ್ಲಿದ್ದಷ್ಟು ದಿನಗಳಲ್ಲಿ ಎರವಲು ವಹಿಯಲ್ಲಿ ಹೊಸದಾಗಿ ಸೇರಿದ ಮಕ್ಕಳ ಹೆಸರುಗಳೆಷ್ಟು?