ದನಗಾಹಿ ಬಾಲಕ ಪ್ರಾಧ್ಯಾಪಕನಾದ ಬಗೆ: ಮೈಕೆಲ್ ಪೂಪಿನ್

ಇಂದಿನ ಸರ್ಬಿಯಾ ದೇಶದಲ್ಲಿ ಇದ್ವೋರ್ ಎಂಬ ಪುಟ್ಟ ಹಳ್ಳಿಯಿದೆ. ಮೈಕೆಲ್ ಪೂಪಿನ್ 1858ರಲ್ಲಿ ಅಲ್ಲಿನ ಒಂದು ರೈತ ಕುಟುಂಬದಲ್ಲಿ ಜನಿಸಿದರು. ತಾಯಿ ಒಲಿಂಪಿಯಾದಾ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಮಗ ಓದಲೇಬೇಕೆಂಬುದು ಆ ತಾಯಿಯ ಹಟವಾಗಿತ್ತು.

ಬೇಸಿಗೆಯ ರಾತ್ರಿ ದನ ಕಾಯುವಾಗ ಹುಡುಗರು ನೆಲಕ್ಕೆ ಚಾಕು ನೆಟ್ಟು, ಅದರ ಹಿಡಿಯನ್ನು ಬಡಿದು ದೂರದ ಗೆಳೆಯರಿಗೆ ಸಂಕೇತ ಕಳಿಸುತ್ತಿದ್ದರು. ಗಟ್ಟಿ ಹುಲ್ಲುಗಾವಲಿನಲ್ಲಿ ಸದ್ದು ದೂರ ಹೋಗುತ್ತಿತ್ತು. ಉತ್ತ ಹೊಲದಲ್ಲಿ ಅಡಗುತ್ತಿತ್ತು. ಇದು ಹೀಗೇಕೆ ಎಂಬ ಪ್ರಶ್ನೆ ಬಾಲಕನ ಮನಸ್ಸಿನಲ್ಲಿ ಉಳಿಯಿತು. ಪಾಂಚೆವೊ ಪಟ್ಟಣದ ಶಾಲೆಯಲ್ಲಿ ಸಿಮೊನ್ ಕೋಸ್ ಎಂಬ ಗುರುಗಳು ಆ ಪ್ರಶ್ನೆಗೆ ನೀರೆರೆದರು.

ಮುಂದೆ ಪ್ರಾಗ್ ನಗರದಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡರು. ಮನೆಗೆ ಭಾರವಾಗಬಾರದೆಂದು ಹುಡುಗ ಪುಸ್ತಕ, ಗಡಿಯಾರ, ಚಳಿಗೆ ಹೊದೆಯುವ ಕುರಿಚರ್ಮದ ಕೋಟನ್ನೂ ಮಾರಿ ಹಡಗು ಹತ್ತಿದ. 1874ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಜೇಬಿನಲ್ಲಿದ್ದುದು ಐದೇ ಸೆಂಟು. ಬಂಧುಗಳಿಲ್ಲ, ಇಂಗ್ಲಿಷ್ ಬಾರದು. ಮೊದಲು ಹೊಲದಲ್ಲಿ ಹೇಸರಗತ್ತೆ ಹೊಡೆದ. ಬಳಿಕ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿದ. ಸಂಜೆ ಕೂಪರ್ ಯೂನಿಯನ್ ಸಂಸ್ಥೆಯಲ್ಲಿ ಓದಿದ. ಕಾರ್ಖಾನೆಯ ಜೊತೆಗಾರರೊಬ್ಬರು ಗ್ರೀಕ್, ಲ್ಯಾಟಿನ್ ಹೇಳಿಕೊಟ್ಟರು.

ಐದು ವರ್ಷಗಳ ನಂತರ, 1879ರಲ್ಲಿ, ಕೊಲಂಬಿಯಾ ಕಾಲೇಜು ಸೇರಿದರು. ಮನೆಪಾಠ ಹೇಳಿ, ರಜೆಯಲ್ಲಿ ಹುಲ್ಲು ಕೊಯ್ದು ಖರ್ಚು ತೂಗಿಸಿ 1883ರಲ್ಲಿ ಪದವಿ ಪಡೆದರು. ಆ ವರ್ಷವೇ ಊರಿಗೆ ಹೋಗಿ, ಒಂಬತ್ತು ವರ್ಷ ಕಾದಿದ್ದ ತಾಯಿಯನ್ನು ಕಂಡರು. ಮುಂದೆ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು, ಕೊಲಂಬಿಯಾದಲ್ಲೇ ಪ್ರಾಧ್ಯಾಪಕರಾದರು.

ಟೆಲಿಫೋನ್ ತಂತಿಯಲ್ಲಿ ಅಲ್ಲಲ್ಲಿ ಲೋಹದ ಸುರುಳಿಗಳನ್ನು ಅಳವಡಿಸಿದರೆ ಮಾತು ಕ್ಷೀಣಿಸದೆ ಬಹುದೂರ ಸಾಗುತ್ತದೆಂದು ಅವರು ತೋರಿಸಿದರು. ಅದು ಪೂಪಿನ್ ಸುರುಳಿ ಎಂದೇ ಹೆಸರಾಯಿತು. ದನ ಕಾಯುವಾಗ ಹುಟ್ಟಿದ ಪ್ರಶ್ನೆ ಹೀಗೆ ಫಲ ಕೊಟ್ಟಿತು. ಅವರ ಆತ್ಮಕಥೆಗೆ 1924ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ತಾಯಿಯ ಹೆಸರಿನಲ್ಲಿ ವಿದ್ಯಾನಿಧಿ ಇಟ್ಟರು; ಹುಟ್ಟೂರಿಗೆ ಜನಭವನ ಕಟ್ಟಿಸಿಕೊಟ್ಟರು. 1935ರಲ್ಲಿ ನಿಧನರಾದರು.

ಪೂಪಿನ್ ಛಲಗಾರರು, ನಿಜ. ಆದರೆ ಅವರ ಛಲದ ಹಿಂದೆ ಅನಕ್ಷರಸ್ಥ ತಾಯಿ, ಹಳ್ಳಿ ಹುಡುಗನ ಪ್ರಶ್ನೆಯನ್ನು ನಕ್ಕು ತಳ್ಳದ ಗುರು, ಪಾಠ ಹೇಳಿದ ಕೂಲಿ ಜೊತೆಗಾರ ಇದ್ದರು. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ, ಬೇರೆ ಊರಿನಿಂದ ದುಡಿಯಲು ಬಂದವರ ಮಗುವೊಂದು ಕೊನೆಯ ಬೆಂಚಿನಲ್ಲಿ ಕೂತಿದ್ದರೆ, ಅದರ ಪಾಲಿಗೆ ಅಂಥವರು ನಾವೇ ಆಗಬೇಕು.